ಶಟ್ಟೆವ್ವ ಮತ್ತು ಬಿಳಿನೊರೆಯ ನೀರು

“ಮೀನಿನಂಗ ಈಸತಿದ್ದ ಗಂಡಸು, ತಾನ ಮನಸು ಮಾಡದ ಮುಳುಗತಾನೇನವಾ? ಇಕಿ ಬಾಯಿಗೆ ಬ್ಯಾಸತ್ತು ಹೋದ.”

ಮುನವಳ್ಳಿಯ ಆ ಓಣಿಯಲ್ಲಿ ಶಟ್ಟೆವ್ವನ ಬಗ್ಗೆ ಇದ್ದದ್ದು ಇದೊಂದೇ ಮಾತು. ಪಕ್ಕದ ಮನೆಯ ರಾಚವ್ವ ಅದನ್ನು ಶಟ್ಟೆವ್ವನ ಕಟ್ಟೆಯ ಮೇಲೆಯೇ ಕೂತು, ಶಟ್ಟೆವ್ವ ಕೊಟ್ಟ ಚಹಾ ಕುಡಿಯುತ್ತಲೇ ಆಡುತ್ತಿದ್ದಳು. ಅವಳದು ಕೆಟ್ಟ ಮನಸ್ಸಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಮುಚ್ಚಿಟ್ಟು ಏನು ಮಾಡುವುದು?

ಗೊತ್ತಾಗಲಿಕ್ಕೆ ಕಾರಣವೂ ಇತ್ತು. ಶಟ್ಟೆವ್ವನದು ಆಗ ದೊಡ್ಡ ದನಿ. ತೊಂಬತ್ಮೂರರ ಮಳೆಗಾಲದ ಒಂದು ಮುಂಜಾನೆ ಗಂಡ ಕಾಡಪ್ಪ ಉಣ್ಣಲು ಬಾರದೆ ಎಮ್ಮೆಯ ಮೈ ತಿಕ್ಕುತ್ತ ನಿಂತಿದ್ದ.

“ರೊಟ್ಟಿ ಆರಿ ಹಪ್ಪಳಾತು, ಇನ್ನೂ ಅದನ್ನ ತಿಕ್ಕಾಕ ಹತ್ತೀದಿ. ಹೋಗು, ಅದರ ಕೂಡನ ಸಂಸಾರ ಮಾಡು. ಮನಿಗೆ ಬರಬ್ಯಾಡ!” ಎಂದು ಅವಳು ಕೂಗಿದ್ದು ನಾಲ್ಕು ಮನೆ ಆಚೆಗೂ ಕೇಳಿತು.

“ಅದು ನಿನ್ನಷ್ಟು ಒದರೂದಿಲ್ಲ ಬಿಡು” ಎಂದು ಕಾಡಪ್ಪ ನಕ್ಕ. ನಗುತ್ತಲೇ ಎಮ್ಮೆ ಹೊಡೆದುಕೊಂಡು ಹೋದ.

ನವಿಲುತೀರ್ಥ ಡ್ಯಾಮಿನ ಗೇಟು ತೆರೆದಿದ್ದರು. ಹೊಳೆ ತುಂಬಿ ಹೊರಟಿತ್ತು. ಎಮ್ಮೆ ನೀರಿಗಿಳಿದು ತೇಲಿಹೋಯಿತು, ಕಾಡಪ್ಪ ಹಿಂದೆಯೇ ಜಿಗಿದ. ಸ್ವಲ್ಪ ಹೊತ್ತು ಈಸಿದವನು, ಗೇಟಿನ ಕೆಳಗೆ ನೀರು ಹಾಲಿನಂತೆ ಕುದಿಯುವ ಕಡೆ ತಿರುಗಿ ನೇರ ಅದರೊಳಗೆ ಹೋದನೆಂದು ದಂಡೆಯ ಮೇಲಿದ್ದವರು ಹೇಳಿದರು. ಯಾರೂ ಎಳೆದಿರಲಿಲ್ಲ, ಸೆಳವೂ ಆ ಕಡೆಗಿರಲಿಲ್ಲ. ಎಮ್ಮೆ ಮುಂದೆಲ್ಲೋ ದಂಡೆ ಹತ್ತಿತು. ಕಾಡಪ್ಪ ಮರುದಿನ ಸಿಕ್ಕ.

ಅಂದಿನಿಂದ ಶಟ್ಟೆವ್ವನ ದನಿ ಇಳಿಯಿತು. ಮಕ್ಕಳಿರಲಿಲ್ಲ. ತವರೂರು ಕಟಕೋಳದಿಂದ ಅಣ್ಣ ಕರೆಯಲು ಬಂದ. “ಅವರ ಮಗನ್ನ ಕಳದಾಕಿ ನಾನು. ಅವರನ್ನ ಬಿಟ್ಟು ಹ್ಯಾಂಗ ಬರಲಿ?” ಎಂದು ಅತ್ತೆ ಬಾಯವ್ವನ ಹತ್ತಿರವೇ ಉಳಿದಳು. ಖಾನಾವಳಿಗೆ ರೊಟ್ಟಿ ಬಡಿದು ಇಬ್ಬರ ಹೊಟ್ಟೆ ನಡೆಸಿದಳು. ಬಾಯವ್ವ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಮಾನೋಮಿ ಅಮಾಸಿಗೆ ಸತ್ತ ಹಿರಿಯರಿಗೆ ಎಡೆ ಇಡುವಾಗ ಮಾತ್ರ, ಮಗನ ಎಡೆಯ ಅಡುಗೆಗೆ ಸೊಸೆಯ ಕೈ ತಾಕಗೊಡುತ್ತಿರಲಿಲ್ಲ. “ನೀ ಆ ಕಡೆ ಕುಂಡ್ರು” ಎನ್ನುವಳು, ಅಷ್ಟೇ. ಕಾಡಪ್ಪನಿಗೆ ತನ್ನ ಕೈಯ ಒಂದು ಹೋಳಿಗೆ ಮುಟ್ಟಬೇಕು ಎಂಬುದೊಂದೇ ಶಟ್ಟೆವ್ವನಿಗೆ ಉಳಿದ ಆಸೆ.

ಹೀಗೆ ಹತ್ತು ವರ್ಷ ಹೋದವು. ಸವದತ್ತಿಯ ಕಾಲೇಜೊಂದರಲ್ಲಿ ದೊಡ್ಡ ವಿಚಾರ ಸಂಕಿರಣ ಏರ್ಪಟ್ಟಿತು. ನೀರು, ಗಾಳಿ, ಉಸುಕು ಒಂದರೊಳಗೊಂದು ಬೆರೆತು ಹರಿಯುವಾಗ ಏನಾಗುತ್ತದೆ ಎಂದು ಶೋಧಿಸುವವರೆಲ್ಲ ಕೂಡಿ, ತಮ್ಮ ತಮ್ಮ ಕೆಲಸ ತೋರಿಸಿ, ಮುಂದಿನ ದಾರಿ ಚರ್ಚಿಸುವ ಸಭೆ. ಊಟಕ್ಕೆ ರೊಟ್ಟಿ ಬಡಿಯಲು ಶಟ್ಟೆವ್ವ, ರಾಚವ್ವ ಇಬ್ಬರಿಗೂ ಕರೆ ಬಂತು.

“ನೀರು ಹೆಂಗ ಹರೀತೈತಿ ಅಂತ ನೋಡಾಕ ಪುಣೆದಿಂದ ಬಂದಾರಂತ!” ರಾಚವ್ವ ಹಿಟ್ಟು ನಾದುತ್ತ ನಕ್ಕಳು. “ತಗ್ಗಿಗೆ ಹರೀತೈತಿ ಅಂತ ನಾನ ಹೇಳ್ತಿದ್ನಲ್ಲ, ಬಸ್ಸಿನ ರೊಕ್ಕಾರ ಉಳೀತಿತ್ತು.”

ಮಧ್ಯಾಹ್ನ ಚಹಾದ ಲೋಟ ಒಯ್ಯಲು ಹೋದ ಶಟ್ಟೆವ್ವ ಸಭಾಂಗಣದ ಬಾಗಿಲಲ್ಲೇ ನಿಂತಳು. ವಿಜಯಾ ಎಂಬ ರಾಮದುರ್ಗದ ಕಡೆಯ ಪ್ರಾಧ್ಯಾಪಕಿ ಗಾಜಿನ ತೊಟ್ಟಿಯಲ್ಲಿ ನೀರು ತುಂಬಿಸಿ, ಉಸುಕು ಹಾಕಿ ಬಿರಡೆ ಜಡಿದ ಸಣ್ಣ ಬಾಟಲಿಯನ್ನು ತೇಲಿಬಿಟ್ಟಿದ್ದಳು. ತಳದಿಂದ ಗಾಳಿ ಬಿಟ್ಟಳು. ನೀರು ನೊರೆಯಾಗಿ ಬೆಳ್ಳಗಾಯಿತು. ಬಾಟಲಿ ಸುಮ್ಮನೆ ಮುಳುಗಿತು.

ಜನ ಎದ್ದ ಮೇಲೆ ಶಟ್ಟೆವ್ವ ಹತ್ತಿರ ಹೋದಳು. “ಬಾಯಾರ, ಮನಷ್ಯಾ ಇದ್ರ?”

“ಮನಷ್ಯಾನೂ ಮುಳುಗತಾನವ್ವ. ಗಾಳಿ ಕೂಡಿದ ನೀರು ಹಗುರ, ಮೈ ಎತ್ತೂದಿಲ್ಲ. ಕೈ ಬಡಿದ್ರೂ ಹಿಡಿತ ಸಿಗೂದಿಲ್ಲ.”

“ಭಾಳ ಚಲೋ ಈಸಾಂವ ಇದ್ರೂ?”

“ಇದ್ರೂನೂ. ಯಾಕವ್ವ, ಯಾರು?”

ಶಟ್ಟೆವ್ವ ಎಲ್ಲ ಹೇಳಿದಳು. ವಿಜಯಾ ಹೇಳಿದಳು: “ಅವರು ನೊರಿಯೊಳಗ ಯಾಕ ಹೋದ್ರು ಅನ್ನೂದು ನನಗ ಗೊತ್ತಿಲ್ಲ. ಮುಳುಗಿದ್ದು ಯಾಕ ಅಂತಷ್ಟ ಹೇಳಬಲ್ಲೆ. ಅಲ್ಲಿ ಯಾರಿದ್ರೂ ಮುಳುಗತಿದ್ರು.”

ಬಸ್ಸಿನಲ್ಲಿ ರಾಚವ್ವನಿಗೆ ಏನೂ ಹೇಳಲಿಲ್ಲ. ಮೊದಲು ಅತ್ತೆಗೆ ಹೇಳಬೇಕು, ಆಮೇಲೆ ಇಡೀ ಓಣಿಗೆ. ಮನೆಗೆ ಓಡಿಬಂದವಳು ಚಪ್ಪಲಿ ಬಿಡದೆಯೇ ಹೇಳತೊಡಗಿದಳು. ಹತ್ತು ವರ್ಷಗಳ ಮೇಲೆ ಮೊದಲ ಸಲ ಆ ದೊಡ್ಡ ದನಿ ಮತ್ತೆ ಬಂದಿತ್ತು.

“ಅಂವಾ ಸಾಯಾಕ ಹೋಗಿರಲಿಲ್ಲತ್ತಿ! ಬೆಳ್ಳನ್ನ ನೀರು ಮನಷ್ಯಾನ್ನ ಎತ್ತೂದಿಲ್ಲಂತ!”

ಬಾಯವ್ವ ಕೇಳಿದಳು. ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ.

“ಡ್ಯಾಮ್ ಕಟ್ಟೂಕಿಂತ ಮೊದಲು ಆ ಹೊಳಿ ನಾವು ನಡಕೊಂಡ ದಾಟತಿದ್ವಿ” ಎಂದಳು ಮೆಲ್ಲಗೆ. “ಬೆಳ್ಳಗ ಕಂಡಲ್ಲಿ ಕೆಳಗ ಬಂಡಿಗಲ್ಲು ಇರತೈತಿ, ಕಾಲು ಊರಾಕ ಬರತೈತಿ, ದಣಿದ್ರ ಅಲ್ಲಿಗೆ ಹೋಗು ಅಂತ... ಸಣ್ಣಾಂವ ಇದ್ದಾಗ ಅವನ ಕೈ ಹಿಡದು ನಾನ ಕಲಿಸಿದ್ನಿ, ಶಟ್ಟೆವ್ವ.”

ಶಟ್ಟೆವ್ವ ಅತ್ತೆಯ ಪಕ್ಕ ಕೂತಳು. “ಆ ಬಾಯಾರು ಸುಳ್ಳು ಹೇಳಿರಬೇಕು ಬಿಡ್ರಿ.”

“ಸುಳ್ಳಲ್ಲ. ಅಂವಾ ನನ್ನ ಮಾತು ಯಾವತ್ತೂ ಮೀರಿದಾಂವ ಅಲ್ಲ.” ಬಾಯವ್ವ ಕೇಳಿದಳು, “ಓಣ್ಯಾಗ ಹೇಳಿದೇನ?”

“ಇಲ್ಲತ್ತಿ.”

ಆ ವರ್ಷದ ಅಮಾಸಿಗೆ ಬಾಯವ್ವ ಹೂರಣದ ಪಾತ್ರೆಯನ್ನು ಸೊಸೆಯ ಮುಂದೆ ಸರಿಸಿ, “ನೀ ಮಾಡು” ಎಂದಳು. ತಾನು ಎದ್ದು ಹೋಗಿ ಎಮ್ಮೆಯ ಕೊಟ್ಟಿಗೆಯಲ್ಲಿ ಕೂತಳು. ಎಡೆಯ ಮುಂದೆ ಬರಲೇ ಇಲ್ಲ. ಕರೆದರೂ ಬರಲಿಲ್ಲ. ಶಟ್ಟೆವ್ವ ಒಬ್ಬಳೇ ಹೋಳಿಗೆ ಬಡಿಸಿ, ಕೈಮುಗಿದು, ಅತ್ತಳು. ಅತ್ತದ್ದು ಗಂಡನಿಗೋ, ಕೊಟ್ಟಿಗೆಯಲ್ಲಿದ್ದ ಮುದುಕಿಗೋ ಅವಳಿಗೇ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಬಾಯವ್ವ ಹಿಡಿ ಅನ್ನವನ್ನೂ ಸರಿಯಾಗಿ ಉಣ್ಣಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ತೀರಿಕೊಂಡಳು.

ತಿಥಿಯ ದಿನಗಳೆಲ್ಲ ಮುಗಿದ ಮೇಲೆ ಅಣ್ಣ ಮತ್ತೆ ಬಂದ. ಈ ಸಲ ಶಟ್ಟೆವ್ವ ಇಲ್ಲ ಎನ್ನಲಿಲ್ಲ. ಎಮ್ಮೆಯನ್ನು ರಾಚವ್ವನಿಗೆ ಒಪ್ಪಿಸಿ, ಒಲೆಯನ್ನು ಸಾರಿಸಿ, ಗಂಟು ಹಿಡಿದು ಹೊಸ್ತಿಲಿಗೆ ಬಂದಳು.

ರಾಚವ್ವ ಅಡ್ಡ ನಿಂತಳು. “ಏ ಶಟ್ಟೆವ್ವ, ಆವತ್ತು ಆ ಕಾಲೇಜಿನ ಬಾಯಾರ ಕೂಡ ಕಾಡಪ್ಪಂದ ಏನೋ ಮಾತಾಡಿದೆಂತಲ್ಲ. ಏನಂದ್ರು? ಹೇಳಿ ಹೋಗ, ನಾಲ್ಕು ಮಂದೀಗಿ ತಿಳೀಲಿ.”

ಶಟ್ಟೆವ್ವ ಬಾಯವ್ವ ಕೂಡುತ್ತಿದ್ದ ಮೂಲೆಯ ಕಡೆ ಒಮ್ಮೆ ನೋಡಿದಳು.

“ಏನೂ ಅನ್ನಲಿಲ್ಲವ್ವ. ಊಟದಾಗ ಉಪ್ಪು ಕಡಿಮಿ ಆಗೇತಿ ಅಂದ್ರು.”

ಬಾಗಿಲೆಳೆದು ಕೀಲಿ ಹಾಕಿ, ಸೆರಗು ಹೊದ್ದು, ಅಣ್ಣನ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.