ಬಾರದ ಅಕ್ಷರ

ಸೈಬರ್ ಕೆಫೆಯಲ್ಲಿ ಗಟ್ಟಿಯಾಗಿ ನಗುವುದು ನನಗೆ ಸೇರುವುದಿಲ್ಲ. ಶಿವಮೊಗ್ಗದ ಕೆಫೆಯೊಂದರಲ್ಲಿ ನಮ್ಮ ಆಸ್ಪತ್ರೆಯ ನರ್ಸುಗಳ ಪರೀಕ್ಷಾ ಅರ್ಜಿ ತುಂಬುತ್ತಿದ್ದೆ. ಪಕ್ಕದ ಕಂಪ್ಯೂಟರಿನ ಸುತ್ತ ನಾಲ್ಕು ಜನ ನಿಂತು ವಿಡಿಯೊ ನೋಡಿ ನಗುತ್ತಿದ್ದರು. ಅದರಲ್ಲಿ ಒಬ್ಬಾತ ಆರ್ಕೆಸ್ಟ್ರಾ ಗಾಯಕರನ್ನೆಲ್ಲ ತಮಾಷೆಯಾಗಿ ಬೈಯುತ್ತಿದ್ದ. ‘ಳ’ ಬಾರದ ಗಾಯಕನೊಬ್ಬನನ್ನು ಅವನು ಅಣಕಿಸಿದಾಗ, ಮೂವತ್ತು ವರ್ಷ ನರ್ಸುಗಳ ಉಚ್ಚಾರಣೆ ತಿದ್ದಿದ ಮೇಟ್ರನ್ ಆದ ನಾನೂ ನಕ್ಕುಬಿಟ್ಟೆ.

ಕಂಪ್ಯೂಟರಿನ ಮುಂದೆ ಕೂತಿದ್ದವರು ಮಾತ್ರ ನಗಲಿಲ್ಲ. ವಿಡಿಯೊದಲ್ಲಿ ತೋರಿಸಿದ ಆ ಗಾಯಕ ಅವರೇ. ಭದ್ರಾವತಿಯ ಲಾರಿ ಡ್ರೈವರ್ ಬಾಷಾ.

“ನಗಿ ಮೇಡಂ, ಪರವಾಗಿಲ್ಲ. ಕೆಲಗೆ ಜನ ಏನೋ ಬರ್ದಿದಾರೆ, ನನಗೆ ಇಂಗ್ಲಿಷ್ ಅಕ್ಷರ ಬರಲ್ಲ. ಓದಿ ಹೇಲ್ತೀರಾ? ಭಾನುವಾರ ಕಾಗದನಗರದಲ್ಲಿ ಮದುವೆ ಪ್ರೋಗ್ರಾಂ ಇದೆ. ಹಾಡೋದೋ ಬಿಡೋದೋ ನೋಡ್ಬೇಕು.”

“ಕಾನ್ವೆಂಟಿನಲ್ಲಿ ಕಲಿತವಳು ನಾನು, ಓದುತ್ತೇನೆ,” ಎಂದೆ.

ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಮೊದಲನೆಯದೇ ‘ಹಾಡೆಲ್ಲ ಹಾಳು’. ಆದರೆ ಇಂಗ್ಲಿಷಿನಲ್ಲಿ ‘ಲ’ಗೂ ‘ಳ’ಗೂ ಒಂದೇ ಅಕ್ಷರ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು ಗಂಟಲು ಸರಿಮಾಡಿಕೊಂಡು ಓದಿದೆ: “ಹಾಡೆಲ್ಲ ಹಾಲು.”

ಬಾಷಾ ನನ್ನ ಮುಖವನ್ನೇ ನೋಡಿದರು. “ನಿನ್ನೆ ಕೆಫೆಯವರು ಇದನ್ನೇ ಬೇರೆ ಥರ ಓದಿದ್ರು. ನನ್ನ ಬಿಡಿ, ಕಾನ್ವೆಂಟಲ್ಲಿ ಕಲಿತ ನಿಮಗೂ ಆ ಅಕ್ಷರ ಬರಲ್ವಾ?”

“ಬರಲ್ಲ,” ಎಂದೆ.

“ಹಂಗಾದ್ರೆ ಹಾಡ್ತೀನಿ ಬಿಡಿ,” ಎಂದು ಎದ್ದರು.

ನಿಂತಿದ್ದ ನಾಲ್ವರೂ ಈಗ ನನ್ನನ್ನು ನೋಡಿ ಗಟ್ಟಿಯಾಗಿ ನಕ್ಕರು. ನಾನು ಯಾರನ್ನೂ ಗದರಿಸಲಿಲ್ಲ.