ಬಳೆಗಾರ್ತಿಯ ಕೈ ಬಿಟ್ಟ ದಿನ

ಅವಳ ಹೆಬ್ಬೆರಳ ತುದಿ ಕಟ್ಟಿಗೆಯಷ್ಟು ಗಟ್ಟಿ. ಮೇಲೆಲ್ಲ ಸಣ್ಣ ಸಣ್ಣ ಗೀರು, ಗಾಜು ಕೊಯ್ದದ್ದು. ನಲವತ್ತು ವರ್ಷ ಸವಣೂರು ಸುತ್ತಲಿನ ಹೆಂಗಸರಿಗೆ ಬಳೆ ಇಟ್ಟ ಬೆರಳು ಅದು. ನನ್ನ ಕೈಯ ಎಲುಬನ್ನು ಅದರಿಂದ ಒತ್ತಿ ಒತ್ತಿ ಮೆತ್ತಗೆ ಮಾಡಿ, ಎಷ್ಟು ಬಿಗಿ ಬಳೆಯಾದರೂ ದಾಟಿಸಿಬಿಡುತ್ತಿದ್ದಳು. ಹೆದರಿದವರ ಕೈ ಕಲ್ಲಾಗುತ್ತದೆ, ಬಳೆ ಒಡೆಯುತ್ತದೆ. ಅದಕ್ಕೇ ಒತ್ತುತ್ತಾ ಮಾತಿಗೆ ಹಚ್ಚುತ್ತಿದ್ದಳು. "ಕೈ ಸಡ್ಲ ಬಿಡಬೇ" ಎನ್ನುವುದು ಅವಳ ಮಾತು. ಎಲ್ಲರಿಗಿಂತ ಹೆಚ್ಚು ಸಲ ಅದನ್ನು ಕೇಳಿಸಿಕೊಂಡವಳು ನಾನೇ. ನಾನು ಹುಟ್ಟಾ ಅಂಜುಬುರುಕಿ.

ಅವಳ ಮನೆ ನಮ್ಮ ಹಿತ್ತಲ ಗೋಡೆಯ ಆಚೆ. ನನ್ನ ಗಂಡ ಸತ್ತ ಮೇಲೆ ನಾನು ಬಳೆ ಇಡಿಸಿಕೊಳ್ಳುವುದು ನಿಂತಿತು. ಅವಳು ಬರುವುದು ನಿಲ್ಲಲಿಲ್ಲ.

ಉರುಸು, ಕುಸ್ತಿ, ನಾಟಕ, ಹೋರಿ ಹಬ್ಬ, ಎಲ್ಲಿ ಜನ ಸೇರುತ್ತಿದ್ದರೋ ಅಲ್ಲೆಲ್ಲ ಬುಟ್ಟಿ ಇಟ್ಟುಕೊಂಡು ಕುಳಿತವಳು ಅವಳು. ಒಂದನ್ನೂ ನೋಡಿದವಳಲ್ಲ. ತಲೆ ತಗ್ಗಿಸಿ ಬೇರೆಯವರ ಮುಂಗೈ ನೋಡುವುದೇ ಆಯಿತು. ಸಕ್ಕರೆ ಕಾಯಿಲೆ ಬಂದು, ಕಣ್ಣು ಮಬ್ಬಾಗಿ ಬುಟ್ಟಿ ಕೆಳಗಿಟ್ಟಳು. ಅಷ್ಟರಲ್ಲಿ ಹೆಂಗಸರಿಗೆ ಬಸ್ಸು ಫುಕಟ ಆಗಿತ್ತು. ಕಣ್ಣು ಪೂರಾ ಹೋಗುವುದರೊಳಗೆ ಒಂದು ಸಲ ತಲೆ ಎತ್ತಿ ಎಲ್ಲವನ್ನೂ ನೋಡಬೇಕು ಎಂದಳು. ನೋಡಿದ ಊರಲ್ಲೆಲ್ಲ ಕರ್ಚಿಕಾಯಿ ತಿಂದು, ಯಾವ ಊರಿನ ಹೂರಣ ಚೆಂದ ಎಂದು ತೀರ್ಮಾನ ಮಾಡಬೇಕು ಎಂದಳು. ಸಕ್ಕರೆ ಕಾಯಿಲೆಯವಳ ಆಸೆ ನೋಡಿ.

ಮಗಳು ಒಪ್ಪಲಿಲ್ಲ. ತಾಯಿ ಬಿಡಲಿಲ್ಲ. ಕೊನೆಗೆ ಆ ಹುಡುಗಿ ಹಿತ್ತಲ ಬಾಗಿಲಿಗೆ ಬಂದು ನನ್ನಿಂದ ಮಾತು ತೆಗೆದುಕೊಂಡಳು. ನನ್ನನ್ನು ಅವಳು ಕರೆಯುವುದು ಖಾಲಾ ಎಂದು, ತಾಯಿಯ ತಂಗಿ ಎನ್ನುವ ಹಾಗೆ.

"ಖಾಲಾ, ಅಮ್ಮೀಗೆ ಒಂದ್ ತುಣುಕಿನ ಮ್ಯಾಲೆ ಸಿಹಿ ಕೊಡಬ್ಯಾಡ್ರಿ. ಮಂದ್ಯಾಗ ಅಕಿ ಕೈ ಬಿಡಬ್ಯಾಡ್ರಿ."

ಹೂಂ ಎಂದೆ. ಅವತ್ತಿನಿಂದ, ಹೊರಡುವ ದಿನ ಬಂತೆಂದರೆ ನನಗೆ ಒಂದೇ ಅಂಜಿಕೆ. ಇವಳು ಗೊತ್ತಿಲ್ಲದ ಊರಲ್ಲಿ ಬಿದ್ದರೆ ನಾನೇನು ಮಾಡಲಿ? ನಾನು ಅಕ್ಷರ ಕೂಡಿಸಿ ಬೋರ್ಡು ಓದುವುದರೊಳಗೆ ಬಸ್ಸು ಹೋಗಿರುತ್ತದೆ. ಫೋನು ಬಂದರೆ ಎತ್ತುತ್ತೇನೆ, ಹಚ್ಚಲು ಬರುವುದಿಲ್ಲ.

ಆದರೂ ಹೋದೆವು. ಶಿಗ್ಗಾಂವಿಯ ಕುಸ್ತಿಯಲ್ಲಿ ಗಂಡಸರಿಗಿಂತ ಜೋರಾಗಿ ಕೂಗಿದಳು. ಅಲ್ಲಿಯ ಕರ್ಚಿಕಾಯಿಗೆ "ಬರೇ ಪುಟಾಣಿ ಹಿಟ್ಟು, ಜಿಪುಣರ ಕೈ" ಎಂದಳು. ಹುಲಗೂರಿನ ಉರುಸಿನಲ್ಲಿ ಕವ್ವಾಲಿಯವರ ಮುಂದೆಯೇ ಕುಳಿತು, ಖಾರದ ಸಮೋಸಾ ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ಎರಡು ತಿಂದಳು. ಹಿರೇಕೆರೂರಿನಲ್ಲಿ ನಾಟಕ ನೋಡಿದೆವು. ಅಲ್ಲಿಯ ಎಳ್ಳಿನ ಹೂರಣ ಮೊದಲ ನಂಬರು ಪಡೆಯಿತು. ತಿನ್ನುವುದಕ್ಕೂ ಅವಳದೊಂದು ರೀತಿ. ಕರ್ಚಿಕಾಯಿಯ ಮಡಿಚಿದ ತುದಿಯನ್ನು ಕಚ್ಚಿ, ಹೂರಣವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಉಳಿದದ್ದನ್ನು ನನ್ನ ಕೈಗೆ ಇಡುವುದು. ಅವಳ ಎಂಜಲು ತಿಂದೆನೆಂದು ನಮ್ಮ ಓಣಿಯಲ್ಲಿ ಮಾತಾಯಿತು. ತಿಂದೆ. ಸಾಯಲಿಲ್ಲ.

ದೀಪಾವಳಿ ಮುಗಿದ ಮೇಲೆ ಹಾನಗಲ್ಲ ತಾಲೂಕಿಗೆ ಹೋದೆವು, ತಿಳವಳ್ಳಿ ಕಡೆಯ ಒಂದು ಹಳ್ಳಿ. ಹೋರಿ ಬೆದರಿಸುವ ಆಟ. ಹೋರಿಯ ಕೊರಳಿಗೆ ಒಣ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿ ಮಂದಿಯ ನಡುವೆ ಬಿಡುತ್ತಾರೆ. ಓಡುವ ಹೋರಿಯ ಮೇಲೆ ಬಿದ್ದು ಹುಡುಗರು ಕೊಬ್ಬರಿ ಹರಿಯಬೇಕು. ಇದನ್ನು ನೋಡಲೇಬೇಕೆಂದು ಅವಳ ಹಟ. ಅವಳಿಂದ ಮೊದಲು ಬಳೆ ಇಡಿಸಿಕೊಂಡಿದ್ದ ಒಬ್ಬಳು ಅಲ್ಲಿ ಸಿಕ್ಕು, ಒಂದು ಚೀಲ ಕರ್ಚಿಕಾಯಿ ಕೊಟ್ಟಳು. ಇವಳು ಒಂದರ ತುದಿ ಕಚ್ಚಿದಳು. ಚೀಲ ನಾನು ಇಟ್ಟುಕೊಂಡೆ.

ರೊಟ್ಟಿಯ ಗಂಟನ್ನು ಬಸ್ಸಿನಲ್ಲೇ ಮರೆತಿದ್ದೆವು. ಅವಳು ಬೆಳಗ್ಗೆ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಿಕೊಂಡು ಬಂದವಳು. ಮಧ್ಯಾಹ್ನವಾದರೂ ಹೋರಿ ಬಿಡಲಿಲ್ಲ. ಬಿಸಿಲು ಏರಿತು.

"ತಂಗಿ, ಕೈ ನಡಗಾಕತ್ತಾವ. ಇನ್ನೊಂದ್ ಕೊಡು" ಎಂದಳು.

"ಒಂದ್ ತುಣುಕ ಆತಲ್ಲ. ಸಾಕು" ಎಂದೆ.

ತಿನ್ನುವ ಆಸೆಗೆ ನಾಟಕ ಮಾಡುತ್ತಾಳೆ ಎಂದುಕೊಂಡೆ. ಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿದೆ, ಇನ್ನೊಂದು ಕೈಯಲ್ಲಿ ಅವಳ ಕೈ. ಮಗಳಿಗೆ ಕೊಟ್ಟ ಎರಡು ಮಾತನ್ನೂ ಹಾಗೆ ಹಿಡಿದುಕೊಂಡು ನಿಂತಿದ್ದೆ.

ಆಗ ಹೋರಿ ಬಿಟ್ಟರು. ಮೂರನೆಯದೋ ನಾಲ್ಕನೆಯದೋ ದಾರಿ ಬಿಟ್ಟು ನೇರ ನಮ್ಮ ಕಡೆ ತಿರುಗಿತು. ಕೆಂಪು ಬಲೂನು ಕಂಡವು, ಅದರ ಕೆಳಗೆ ಕೊಂಬು ಕಂಡವು. ಮಂದಿ ಚದುರಿತು. ನಾನು ಕೈ ಬಿಟ್ಟು ಓಡಿದೆ. ಯಾರದೋ ಮನೆಯ ಅಂಗಳಕ್ಕೆ ನುಗ್ಗಿ ಗೇಟು ಹಾಕಿಕೊಂಡೆ. ಚಿಲಕವನ್ನೂ ಹಾಕಿದೆ.

ಉಸಿರು ಬಂದ ಮೇಲೆ ನೋಡಿಕೊಂಡೆ. ಚೀಲ ಇತ್ತು. ಅವಳಿರಲಿಲ್ಲ. ಹೋರಿ ದಾಟಿ ಹೋಗಿ ಹೊತ್ತಾಗಿದ್ದರೂ ನಾನು ಗೇಟು ತೆರೆಯಲಿಲ್ಲ. ಆಗ ಹೋರಿಯ ಅಂಜಿಕೆ ಅಲ್ಲ, ತೆರೆದರೆ ಏನು ಕಾಣುತ್ತದೋ ಎನ್ನುವ ಅಂಜಿಕೆ.

ಕೊನೆಗೆ ಚಿಲಕ ತೆಗೆದು ಹೊರಗೆ ಬಂದೆ. ಹೋರಿ ಅವಳನ್ನು ಮುಟ್ಟಿರಲಿಲ್ಲ. ಟ್ರ್ಯಾಕ್ಟರಿನ ಗಾಲಿಗೆ ಒರಗಿ ಕುಳಿತಿದ್ದಳು. ಮೈಯೆಲ್ಲ ಬೆವರು, ಮಾತು ತೊದಲು. ನನ್ನನ್ನು ನೋಡಿ ಯಾರು ಎಂದು ಕೇಳಿದಳು. ಅವಳ ಮುಂದೆ ಮಣ್ಣಲ್ಲೇ ಕುಳಿತೆ. ಆ ಊರಿನ ಹೆಂಗಸೊಬ್ಬಳು ಅವಳ ಹಣೆ ಮುಟ್ಟಿ, ಸಕ್ಕರಿ ಬ್ಯಾನಿ ಐತೇನು ಎಂದು ಕೇಳಿದಳು. ಹೂಂ ಎಂದೆ.

"ಸಕ್ಕರಿ ಇಳದೈತಿ. ನಮ್ಮತ್ತೀಗೂ ಹಿಂಗ ಆಕ್ಕಿತ್ತು. ಲಗೂನ ಬಾಯಾಗ ಏನರ ಸಿಹಿ ಹಾಕ್ರಿ."

ಸಿಹಿ ನನ್ನ ಕಂಕುಳಲ್ಲೇ ಇತ್ತು. ಅದನ್ನು ಹೊತ್ತುಕೊಂಡು ಓಡಿದ್ದೆ. ಕರ್ಚಿಕಾಯಿ ಮುರಿದು ಹೂರಣವನ್ನು ಚಿಟಿಕೆ ಚಿಟಿಕೆಯಾಗಿ ಅವಳ ಬಾಯಿಗಿಟ್ಟೆ. ನನ್ನ ಬೆರಳು ಮಡಚಲೊಲ್ಲವು, ಅರ್ಧ ಅವಳ ಸೆರಗಿಗೆ ಬಿತ್ತು. ಒಂದು ಮುಗಿದ ಮೇಲೆ ಇನ್ನೊಂದನ್ನು ಮುರಿದೆ. ಆಮೇಲೆ ಆ ಕಟ್ಟಿಗೆಯಂಥ ಹೆಬ್ಬೆರಳು ನನ್ನ ಅಂಗೈ ಹುಡುಕಿ ಒತ್ತಿತು.

"ಕೈ ಸಡ್ಲ ಬಿಡಬೇ. ಹೋರಿ ಹೋತು."

ಇನ್ನೂ ಸ್ವಲ್ಪ ಹೊತ್ತಿಗೆ, ಇದು ಹಿರೇಕೆರೂರಿನದಕ್ಕಿಂತ ಚಲೋ ಐತಿ ಎಂದಳು.

ಬಸ್ಸಿನಲ್ಲಿ ಬರುವಾಗ, ಮಗಳಿಗೆ ಏನು ಹೇಳುತ್ತೀ ಎಂದು ಕೇಳಿದೆ. ಕಿಟಕಿಯ ಕಡೆ ಮುಖ ಮಾಡಿ, ಹೋರಿ ಬಂದರೆ ಓಡಬೇಕು, ನಿಲ್ಲುವವರು ಹುಚ್ಚರು ಎಂದಳಷ್ಟೇ. ನನ್ನೆದುರು ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ಸತ್ತಳು. ಕಿಡ್ನಿ ಹೋಗಿತ್ತು. ನಾನು ಹೆದರಿದ ಹಾಗೆ ಗೊತ್ತಿಲ್ಲದ ಊರಿನಲ್ಲಲ್ಲ, ತನ್ನ ಮನೆಯಲ್ಲಿ, ಬೆಳಗಿನ ಚಹಾದ ಹೊತ್ತಿಗೆ. ಮಗಳು ನನ್ನನ್ನು ತಬ್ಬಿಕೊಂಡು ಎಲ್ಲರೆದುರು ಹೇಳಿದಳು: "ಹೋರಿ ಮೈಮ್ಯಾಲೆ ಬಂದ್ರೂ ಖಾಲಾ ನನ್ನ ಕೈ ಬಿಡಲಿಲ್ಲಂತ ಅಮ್ಮಿ ಎಲ್ಲಾರಿಗೂ ಹೇಳ್ತಿದ್ಲು."

ಅಲ್ಲಿ ನಾನು ಬಾಯಿ ತೆರೆಯಲಿಲ್ಲ. ಈಗಲೂ ರಂಜಾನಿಗೆ ಸುರಕುಂಬಾ ಪಾಯಸ ತಂದುಕೊಟ್ಟಾಗಲೆಲ್ಲ ಅದೇ ಮಾತು ಹೇಳುತ್ತಾಳೆ. ಇಸಿದುಕೊಂಡು ಕುಡಿಯುತ್ತೇನೆ.

ಮಗಳೇ, ನಾನು ಬಿಟ್ಟೆ. ಚಿಲಕ ಹಾಕಿಕೊಂಡೆ. ನಿಮ್ಮವ್ವ ಕೈ ನಡುಗುತ್ತದೆ ಎಂದಾಗ ಒಂದು ಕರ್ಚಿಕಾಯಿ ಕೊಡಲಿಲ್ಲ. ಅವಳು ಹೇಳಿದ್ದು ಸುಳ್ಳು, ನನಗಾಗಿ ಹೇಳಿದ್ದು. ಅಕ್ಷರ ಕೂಡಿಸಿ ಕೂಡಿಸಿ ಇದನ್ನು ಬರೆಯುವಾಗ ಬೆರಳು ಕಲ್ಲಾಗಿವೆ, ಒತ್ತುವವಳಿಲ್ಲ. ಓದಿದ ಮೇಲೆ ಬೈಯಬೇಕೆನಿಸಿದರೆ ಬಾ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿಲ್ಲ.