ಕಾಡಂಚಿನ ಕೋಣೆಯಲ್ಲಿ ಅಚ್ಚು ಬೆಲ್ಲ

ಅಂತರಸಂತೆ ದಾಟಿ ಕಾಕನಕೋಟೆ ಕಾಡಿನ ಅಂಚಿನಲ್ಲಿರುವ ಒಂದು ಲಾಡ್ಜಿಗೆ ಅವ್ವನನ್ನು ವಾರದ ಮಟ್ಟಿಗೆ ಕರೆದುಕೊಂಡು ಹೋಗಿದ್ದೆ. ನಮ್ಮದು ಸಾಲಿಗ್ರಾಮದ ಹತ್ತಿರದ ಹಳ್ಳಿ, ಕಬ್ಬು, ಆಲೆಮನೆ. ದುಡ್ಡು ಕೊಟ್ಟು ಉಳಿದುಕೊಳ್ಳುವ ಜಾಗಕ್ಕೆ ಅವ್ವ ಬಂದದ್ದು ಅದೇ ಮೊದಲು. ಬರಿಗೈಯಲ್ಲಿ ಯಾರ ಮನೆಗೂ ಹೋಗುವವಳಲ್ಲ. ನನಗೆ ಹೇಳದೆ ಸೀರೆಗಳ ನಡುವೆ ಅಚ್ಚು ಬೆಲ್ಲ ಕಟ್ಟಿಟ್ಟುಕೊಂಡಿದ್ದಳು.

ತಿನ್ನುವ ಪದಾರ್ಥ ಏನಿದ್ದರೂ ಕೊಟ್ಟುಬಿಡಿ, ಕೋಣೆಯಲ್ಲಿ ಏನೂ ಇರಬಾರದು ಎಂದು ಗೇಟಿನಲ್ಲೇ ಹೇಳಿದರು. ನಾನು ಬಿಸ್ಕತ್ತಿನ ಪೊಟ್ಟಣ ಕೊಟ್ಟೆ. ಅವ್ವ ತನ್ನ ಚೀಲ ಬಿಚ್ಚಲಿಲ್ಲ. ಮನೆಯೊಡತಿಯ ಕೈಗೆ ಕೊಡಬೇಕಾದ್ದನ್ನು ಗೇಟು ಕಾಯುವವರಿಗೆ ಕೊಡುವುದುಂಟೆ ಎಂಬುದು ಅವಳ ಯೋಚನೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಆ ಮನೆಯೊಡತಿಯನ್ನು ಅವಳು ಹುಡುಕುತ್ತಲೇ ಇದ್ದಳು. ಮ್ಯಾನೇಜರ್ ಗಂಡಸು, ಅಡುಗೆಯವರು ಗಂಡಸರು, ಮಾಲೀಕರು ಯಾವುದೋ ಊರಿನಲ್ಲಿ. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ, ಪಕ್ಕದ ಗಿರಿಜನರ ಹಾಡಿಯ ನಡುವಯಸ್ಸಿನವನನ್ನೇ ಕೇಳಿದಳು:

"ಇಲ್ಲಿ ಎಂಗಸ್ರೇ ಇಲ್ವೇನಪ್ಪ?"

"ಹೆಣ್ಣಾನೆ ಅವೆ ಕಣವ್ವ, ಬೇಕಾದಷ್ಟು."

ಬೆಲ್ಲ ಚೀಲದಲ್ಲೇ ಉಳಿಯಿತು.

ನಾಲ್ಕನೆಯ ದಿನ ಸಂಜೆ ಅವ್ವನನ್ನು ಕೋಣೆಯಲ್ಲಿ ಬಿಟ್ಟು ನಾನೊಬ್ಬನೇ ಸಫಾರಿ ಮುಗಿಸಿ ಬಂದಾಗ ಆ ಹಾಡಿಯವನು ನಮ್ಮ ಬಾಗಿಲಲ್ಲಿ ನಿಂತಿದ್ದ. ನನ್ನ ತೋಳು ಹಿಡಿದು, "ಕೂಗ್ಬ್ಯಾಡಿ ಸಾರ್" ಎಂದ. ಒಳಗೆ ಕಿಟಕಿಯ ಸರಳುಗಳು ಚೌಕಟ್ಟಿನ ಸಮೇತ ನೆಲದ ಮೇಲಿದ್ದವು. ಕಿಟಕಿಯಿದ್ದ ಜಾಗವನ್ನು ಆನೆಯ ಹಣೆ ತುಂಬಿಕೊಂಡಿತ್ತು. ಸೊಂಡಿಲು ಮಂಚದ ಮೇಲೆ ತಡಕಾಡುತ್ತಿತ್ತು. ಅವ್ವ ಮಂಚದ ತುದಿಯಲ್ಲಿ ಗೋಡೆಗೆ ಬೆನ್ನೊತ್ತಿ, ಕಾಲು ಮಡಚಿ ಕೂತಿದ್ದಳು. ಸೊಂಡಿಲ ತುದಿ ಅವಳ ಮಂಡಿಯನ್ನು ಮೂಸಿತು, ಸೆರಗನ್ನು ಎತ್ತಿ ಬಿಟ್ಟಿತು. ಅವಳ ಕಣ್ಣು ನನ್ನ ಕಡೆಗಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕೊನೆಗೆ ಅವಳೇ ಪಕ್ಕದ ಚೀಲವನ್ನು ಪಾದದಿಂದ ಮೆಲ್ಲಗೆ ಮುಂದಕ್ಕೆ ನೂಕಿದಳು. ಆನೆ ಅದನ್ನು ಹೊರಗೆಳೆದುಕೊಂಡು, ತುಳಿದು ಹರಿದು, ಬೆಲ್ಲವನ್ನು ಬಟ್ಟೆಯ ಸಮೇತ ತಿಂದು ಹೋಯಿತು.

ಅವ್ವನಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಮ್ಯಾನೇಜರ್ ಬೇರೆ ಕೋಣೆ ಕೊಟ್ಟರು. ಬೈದಿದ್ದರೇ ವಾಸಿಯಿತ್ತು.

ಮರುದಿನ ಸಂಜೆ ಆನೆ ಅದೇ ಕಿಟಕಿಗೆ ಬಂತು. ಪಟಾಕಿ ಹೊಡೆದು ಅಟ್ಟಿದರು. ಅದರ ಮರುದಿನ ಬೆಳಿಗ್ಗೆ ನಮ್ಮ ಕೋಣೆಯವನು ಕಾಫಿ ತರಲಿಲ್ಲ. ಮಧ್ಯಾಹ್ನ ಬಂದ. ಅಂಗಿಯೆಲ್ಲ ಮಣ್ಣು. ಆನೆ ಹಾಡಿಗೆ ಹೋಗಿ ಅವನ ಮನೆಯ ಹಿಂದಿನ ಗೋಡೆ ಕೆಡವಿತ್ತು. ಮಕ್ಕಳು ಮುಂಭಾಗದಲ್ಲಿ ಮಲಗಿದ್ದರಿಂದ ಉಳಿದವು.

"ನಿಮ್ಮನೇಲೂ ಬೆಲ್ಲ ಇತ್ತೇನಪ್ಪ?" ಎಂದು ಅವ್ವ ಕೇಳಿದಳು.

"ಇಲ್ಲ ಕಣವ್ವ. ಬೆಲ್ಲ ಇಡಾದು ಬುಟ್ಟು ಬಾಳ ಕಾಲ ಆಯ್ತು. ಸಂತೇಲಿ ತಕ್ಕಂಡ್ರೂ ಅಲ್ಲೇ ಮಕ್ಳ ಬಾಯಿಗಾಕಿ, ಕೈ ತೊಳ್ಸಿ ಮನೆಗೆ ಕರ್ಕಂಡೋಗದು. ಅದುಕ್ಕೇನು ಗೊತ್ತು? ಐತೆ ಅನ್ಕಂಡು ಬಂತು."

ಅವನ ದನಿಯಲ್ಲಿ ದೂರು ಇರಲಿಲ್ಲ. ಅವನು ತಂದಿದ್ದ ಕಾಫಿಯ ಲೋಟವನ್ನು ಅವ್ವ ಕೆಳಗಿಟ್ಟಳು. ಆಮೇಲೆ ಕುಡಿಯಲಿಲ್ಲ.

ವಾರ ಮುಗಿಸಿ ಹುಣಸೂರಿನ ಮೇಲೆ ವಾಪಸಾದೆವು. ಕೆ.ಆರ್. ನಗರ ದಾಟಿದ ಮೇಲೆ ಗದ್ದೆಗಳಾಚೆ ಆಲೆಮನೆಯ ಹೊಗೆ ಕಂಡಿತು. ಕುದಿಯುವ ಪಾಕದ ವಾಸನೆ ಕಾರಿನೊಳಗೆ ಬಂತು. ಹುಟ್ಟಿದಾಗಿನಿಂದ ಅವ್ವ ಆ ವಾಸನೆಯಲ್ಲೇ ಬೆಳೆದವಳು.

"ಗ್ಲಾಸ್ ಏರ್ಸು ಮಗ" ಎಂದಳು.